ಎರಡು ಬೆರಳು ಕಳೆದು

ಹುಲಿಗೆಮ್ಮನ ಅಂಗನವಾಡಿಯಲ್ಲಿ ಮಕ್ಕಳ ಎತ್ತರ ಅಳೆಯುವ ದಿನ ಹೊಸಬರು ಯಾರಾದರೂ ಹೋದರೆ ಅವರಿಗೆ ನಗು ತಡೆಯುವುದು ಕಷ್ಟ. ಒಂದೊಂದು ಮಗುವನ್ನೂ ಮೂರು ಮೂರು ಸಲ ಗೋಡೆಗೆ ನಿಲ್ಲಿಸುತ್ತಾಳೆ. ಹೆಣ್ಣುಮಕ್ಕಳ ಜಡೆ ಬಿಚ್ಚಿಸುತ್ತಾಳೆ, ಕ್ಲಿಪ್ಪು, ಹೇರ್‌ಬ್ಯಾಂಡು ಎಲ್ಲ ತೆಗೆಸಿ ಮಡಿಲಲ್ಲಿ ಹಾಕಿಕೊಳ್ಳುತ್ತಾಳೆ, ಅಳತೆಕೋಲಿನ ಹಲಗೆಯನ್ನು ತಲೆಯ ಮೇಲೆ ಇಳಿಸುವ ಮುಂಚೆ ಬರಿಗೈಯಲ್ಲಿ ನೆತ್ತಿ ಒತ್ತಿ ನೋಡುತ್ತಾಳೆ. ಹದಿನೆಂಟು ಮಕ್ಕಳಿಗೆ ಇಡೀ ಬೆಳಗ್ಗೆ ಹಿಡಿಯುತ್ತದೆ. ಬೇರೆ ಊರಿನ ಟೀಚರುಗಳು ಇದನ್ನು ಒಂದು ತಾಸಿನಲ್ಲಿ ಮುಗಿಸಿ ಮನೆಯ ದಾರಿ ಹಿಡಿದಿರುತ್ತಾರೆ. ಅವಳ ಈ ಅತಿ ಎಚ್ಚರಕ್ಕೆ ಒಂದು ಕಾರಣವಿದೆ. ಅದು ಅವಳಿಗೆ ಹೆಮ್ಮೆ ತರುವ ಕಾರಣವೇನಲ್ಲ, ಆದರೂ ಕೇಳಿದವರಿಗೆ ಅವಳೇ ಹೇಳುತ್ತಾಳೆ.

ಹುಲಿಗೆಮ್ಮನಿಗೆ ಈಗ ನಲವತ್ತಾರು. ಜಗಳೂರು ತಾಲ್ಲೂಕಿನ ಬಿಳಿಚೋಡಿನ ಆಚೆಯ ಒಂದು ಸಣ್ಣ ಊರಿಗೆ, ಕುರಿ ಸಾಕುವ ಬೈಲಪ್ಪನ ಹೆಂಡತಿಯಾಗಿ ಬಂದವಳು, ಇಪ್ಪತ್ತು ವರ್ಷದಿಂದ ಅಲ್ಲಿಯ ಅಂಗನವಾಡಿ ನಡೆಸುತ್ತಿದ್ದಾಳೆ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಅವಳನ್ನು ಎರಡು ಸಲ ವಾಪಸು ಕಳಿಸಿತ್ತು. ಅಂಥವಳ ಕೈಗೇ ಸರಕಾರ ತೂಕದ ಯಂತ್ರ ಕೊಟ್ಟಿತು, ಅಳತೆಕೋಲು ಕೊಟ್ಟಿತು, ಕೊನೆಗೆ ಅಳತೆಯ ಅಂಕಿಗಳನ್ನು ಕಳಿಸಲು ಫೋನನ್ನೂ ಕೊಟ್ಟಿತು. ಅಂಕಿ ಎಂದರೆ ಇವತ್ತಿಗೂ ಅವಳಿಗೆ ಅಂಜಿಕೆ. ಒಂದು ಸಲ ಬರೆದದ್ದನ್ನು ಒರೆಸಿ ಮತ್ತೆ ಬರೆದರೇ ಅವಳಿಗೆ ಸಮಾಧಾನ, ಫೋನಿನಲ್ಲಿ ಹಾಗೆ ಒರೆಸಲು ಬರುವುದಿಲ್ಲವೆಂದು ತಿಳಿದ ದಿನವೇ ಅವಳಿಗೆ ಅದರ ಮೇಲೆ ಮುನಿಸು ಬಂದಿತ್ತು.

ಅವಳು ಹುಟ್ಟಿದ್ದು ನ್ಯಾಮತಿ ಕಡೆ. ಮುಂಚಿನ ಎರಡು ಕೂಸುಗಳು ಉಳಿಯಲಿಲ್ಲವೆಂದು ತಾಯಿ ಹುಲಿಗಿಯ ದೇವಿಗೆ ಹರಕೆ ಹೊತ್ತು, ಹೆಸರನ್ನೂ ದೇವಿಯದೇ ಇಟ್ಟು, ಆರು ವರ್ಷ ಮಗಳ ತಲೆಗೆ ಕತ್ತರಿ ತಾಗಿಸಿರಲಿಲ್ಲ. ಹಾಗೆ ದೇವರಿಗೆಂದು ಬಿಟ್ಟ ಕೂದಲಿಗೆ ಮುಡಿ ಎನ್ನುತ್ತಾರೆ. ದೇವರಿಗೆ ಕೊಡುವ ತನಕ ಅದನ್ನು ಹೊರಗಿನವರು ಬಿಚ್ಚುವ ಹಾಗಿಲ್ಲ. ಒಂದನೇ ಕ್ಲಾಸಿನಲ್ಲಿ ಮೇಷ್ಟರೊಬ್ಬರು ಹೇನು ನೋಡುವ ನೆವದಲ್ಲಿ ಆ ಮುಡಿ ಬಿಚ್ಚಿ, ಹುಡುಗರೆಲ್ಲರ ಎದುರು ಕೊಡವಿ ತೋರಿಸಿದರು. ಅದೇ ವಾರ ಅವಳಿಗೆ ಜ್ವರ ಬಂತು. ಜ್ವರ ಯಾತಕ್ಕೆ ಬಂತೋ ದೇವರೇ ಬಲ್ಲ, ತಾಯಿ ಮಾತ್ರ ಶಾಲೆಯ ಬಾಗಿಲಲ್ಲಿ ಕೂತು ಅತ್ತದ್ದನ್ನು ಹುಲಿಗೆಮ್ಮ ಮರೆತಿಲ್ಲ. ತಾನು ಟೀಚರಾದ ಮೇಲೆ ಹರಕೆಯ ಮಗುವಿನ ತಲೆ ಮುಟ್ಟುವುದಿಲ್ಲ ಎಂದು ಅವಳು ಯಾರಿಗೂ ಹೇಳದೆ ಶಪಥ ಮಾಡಿಕೊಂಡಳು.

ಮುಡಿ ಬಿಟ್ಟ ಮಗು ಅವಳ ಅಂಗನವಾಡಿಯಲ್ಲಿ ವರ್ಷಕ್ಕೆ ಒಂದಾದರೂ ಇದ್ದೇ ಇರುತ್ತದೆ. ತರಬೇತಿಯಲ್ಲಿ ಕೂದಲು ಬಿಚ್ಚಿಸಿ ಅಳೆಯಿರಿ ಎಂದು ಹೇಳಿಕೊಟ್ಟಿದ್ದರು. ಹೇಳಿಕೊಟ್ಟವರ ಊರಲ್ಲಿ ಹರಕೆ ಹೊರುವವರು ಇರಲಿಲ್ಲವೋ ಏನೋ. ಹುಲಿಗೆಮ್ಮ ತನ್ನದೇ ಒಂದು ದಾರಿ ಮಾಡಿಕೊಂಡಿದ್ದಳು: ನೆತ್ತಿಯ ಮೇಲೆ ಕಟ್ಟಿದ ಜುಟ್ಟಿಗೆ ಸೋಕಿದರೂ ಸೋಕದ ಹಾಗೆ ಹಲಗೆ ಇಳಿಸುವುದು, ಬಂದ ಅಳತೆಯಲ್ಲಿ ಎರಡು ಬೆರಳಿನ ಅಗಲ ಕಳೆದು ಬರೆಯುವುದು. ಎರಡು ಬೆರಳು ಅವಳ ಅಂದಾಜು. ಅದು ಸರಿಯೋ ತಪ್ಪೋ ಎಂದು ಕೇಳಿದವರಿಲ್ಲ, ಅವಳೂ ತನ್ನನ್ನು ತಾನು ಕೇಳಿಕೊಂಡಿರಲಿಲ್ಲ.

ಕೊಟ್ರೇಶ ಬಂದದ್ದು ಹಾಗೆ ಎರಡು ಬೆರಳು ಕಳೆಸಿಕೊಳ್ಳುವ ಮಗುವಾಗಿಯೇ. ಅದೇ ಊರಿನ ಸುಂಕಲಮ್ಮನ ಮಗನ ಮಗ. ತಾಯಿ ಅಂಬಿಕಾಳ ಮಡಿಲಿನಿಂದ ಮುಂಚೆ ಎರಡು ಹೋಗಿ, ಮೂರನೆಯದಾಗಿ ಉಳಿದವನು. ಕೊಟ್ಟೂರು ಸ್ವಾಮಿಗೆ ಹರಕೆ, ಹೆಸರೂ ಸ್ವಾಮಿಯದೇ. ಮೂರು ತುಂಬಿದ ಕೂಡಲೇ ಮುಡಿ ಕೊಡಬೇಕಿತ್ತು, ಆ ಹೊತ್ತಿಗೆ ಅಜ್ಜ ತೀರಿಕೊಂಡು ವರ್ಷ ಕಳೆಯುವ ತನಕ ಶುಭಕಾರ್ಯ ಬೇಡವೆಂದಾಯಿತು. ವರ್ಷ ಕಳೆಯುವ ಹೊತ್ತಿಗೆ ಸೋದರಮಾವ ಧರ್ಮಪ್ಪ ಊರಲ್ಲಿರಲಿಲ್ಲ. ಮುಡಿ ತೆಗೆಯುವಾಗ ಮಗು ಕೂರಬೇಕಾದದ್ದು ಸೋದರಮಾವನ ತೊಡೆಯ ಮೇಲೆ. ಆ ಮಾವನೋ ಅಡಿಕೆ ಹಂಗಾಮು ಶುರುವಾಯಿತೆಂದರೆ ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆಗೆ ಹೋಗಿಬಿಡುತ್ತಾನೆ, ಹಂಗಾಮು ಮುಗಿಯುವವರೆಗೆ ಈ ಕಡೆ ತಲೆ ಹಾಕುವುದಿಲ್ಲ. ಹೀಗೆ ಕೊಟ್ರೇಶನ ಜುಟ್ಟು ಬೆಳೆಯುತ್ತಲೇ ಹೋಯಿತು.

ಹುಡುಗ ಬಲು ಸಾಧು. ಕೂರಿಸಿದಲ್ಲಿ ಕೂರುವವನು, ಯಾರಾದರೂ ಬಳಪ ಕಿತ್ತುಕೊಂಡರೂ ಅಳದವನು. ಇಂಥ ಮಗು ಪ್ರತಿ ಅಂಗನವಾಡಿಯಲ್ಲಿ ಹತ್ತು ಇದ್ದರೆ ತನ್ನ ಗಂಟಲು ಉಳಿಯುತ್ತಿತ್ತೆಂದು ಹುಲಿಗೆಮ್ಮ ಮನೆಯಲ್ಲಿ ಹೊಗಳುತ್ತಿದ್ದಳು. ಬೈಲಪ್ಪ ಒಂದು ದಿನ ಉಣ್ಣುತ್ತಾ ಉಣ್ಣುತ್ತಾ ಹೇಳಿದ: "ಕುರಿಮರಿ ಹಂಗೆ ಸುಮ್ಕೆ ನಿಂತ್ರೆ ನಾನಾದ್ರೆ ಡಾಕ್ಟರಿಗೆ ತೋರಿಸ್ತೀನಿ ನೋಡು." ಮಕ್ಕಳನ್ನು ಕುರಿಗೆ ಹೋಲಿಸುತ್ತೀಯಾ ಎಂದು ಅವಳು ಅವನ ಮೇಲೆ ರೇಗಿದಳು.

ಆಗಸ್ಟಿನಲ್ಲಿ ಒಂದು ದಿನ ಬ್ಯಾಗು ನೇತುಹಾಕುವ ಮೊಳೆಗಳಿಂದ ಅವಳ ಕಣ್ಣು ತೆರೆಯಿತು. ಗೋಡೆಯಲ್ಲಿ ಎರಡು ಸಾಲು ಮೊಳೆಗಳಿವೆ. ಕೆಳಗಿನ ಸಾಲು ಚಿಕ್ಕವರಿಗೆ, ಮೇಲಿನದು ಕೈ ಎಟಕಿದವರಿಗೆ. ಮೇಲಿನ ಸಾಲಿಗೆ ಬಡ್ತಿ ಸಿಕ್ಕ ಮಗು ಆ ದಿನ ರಾಜನ ಹಾಗೆ ಓಡಾಡುತ್ತದೆ. ಅವತ್ತು ಸಂಧ್ಯಾರಾಣಿ ಎಂಬ ಚೂಟಿ ಹುಡುಗಿ ತುದಿಗಾಲಲ್ಲಿ ನಿಂತು ಮೇಲಿನ ಮೊಳೆಗೆ ಬ್ಯಾಗು ಸಿಕ್ಕಿಸಿ ಚಪ್ಪಾಳೆ ಹೊಡೆದಳು. ಕೊಟ್ರೇಶನೂ ಪ್ರಯತ್ನಿಸಿದ. ಕೈ ಎಟಕಲಿಲ್ಲ, ಅಳದೆ ಕೆಳಗಿನ ಮೊಳೆಗೆ ಹಾಕಿ ಹೋಗಿ ಕೂತ. ಹುಲಿಗೆಮ್ಮ ಅವನಿಗೆ ಇನ್ನೂ ಎಷ್ಟು ಬೇಕೆಂದು ನೋಡಲು ಫೋನು ತೆಗೆದಳು. ಅದರ ಪ್ರಕಾರ ಕೊಟ್ರೇಶ ಸಂಧ್ಯಾರಾಣಿಗಿಂತ ಒಂದು ಸೆಂಟಿಮೀಟರು ಎತ್ತರ.

ಇಬ್ಬರನ್ನೂ ಬೆನ್ನಿಗೆ ಬೆನ್ನು ಹಚ್ಚಿ ನಿಲ್ಲಿಸಿದಳು. ಜುಟ್ಟಿನ ತುದಿ ಹುಡುಗಿಯ ತಲೆಯನ್ನು ದಾಟಿತ್ತು. ಕಿವಿಗಳು ಮಾತ್ರ ದಾಟಿರಲಿಲ್ಲ. ಹುಡುಗನ ಕಿವಿ ಹುಡುಗಿಯ ಕಿವಿಗಿಂತ ಎರಡು ಬೆರಳಿಗೂ ಹೆಚ್ಚು ಕೆಳಗಿತ್ತು. ಹುಲಿಗೆಮ್ಮ ಸೀಮೆಸುಣ್ಣ ತಂದು, ಬಾಗಿಲಿನ ಚೌಕಟ್ಟಿಗೆ ಅವನನ್ನು ನಿಲ್ಲಿಸಿ, ಕಿವಿಯ ತೂತಿನ ಮಟ್ಟಕ್ಕೆ ಒಂದು ಗೆರೆ ಎಳೆದಳು.

ಸೆಪ್ಟೆಂಬರಿನಲ್ಲಿ ಮತ್ತೆ ನಿಲ್ಲಿಸಿದಳು. ಗೆರೆ ಅಲ್ಲೇ. ಅಕ್ಟೋಬರಿನಲ್ಲೂ ಅಲ್ಲೇ. ಸುಣ್ಣ ಅಳಿಸೀತೆಂದು ಪೆನ್ಸಿಲಿನಲ್ಲಿ ತಿದ್ದಿದಳು, ಸ್ಕೇಲು ಹಿಡಿದು ನೋಡಿದಳು, ಹುಡುಗನ ಪಾದಗಳನ್ನು ಎರಡು ಸಲ ಸರಿಮಾಡಿ ನಿಲ್ಲಿಸಿದಳು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಹುಡುಗ ಬೆಳೆಯುತ್ತಲೇ ಇಲ್ಲ. ಎಷ್ಟು ತಿಂಗಳಿಂದ ಬೆಳೆದಿಲ್ಲವೆಂದು ಹೇಳಬೇಕಾದವಳು ಅವಳೇ, ಹೇಳಲು ಅವಳಿಗೇ ಗೊತ್ತಿಲ್ಲ. ಎರಡು ಬೆರಳಿದ್ದ ಜುಟ್ಟು ಈಗ ಐದು ಬೆರಳಾಗಿತ್ತು, ಅವಳು ಎರಡನ್ನೇ ಕಳೆಯುತ್ತಾ ಬಂದಿದ್ದಳು.

ಐದು ಬೆರಳು ಕಳೆದು ಬಂದ ಎತ್ತರವನ್ನು ಫೋನಿಗೆ ಹಾಕಲು ಹೋದರೆ, ಕಳೆದ ತಿಂಗಳಿಗಿಂತ ಕಡಿಮೆಯಿದೆ, ಪರಿಶೀಲಿಸಿ ಎಂದು ಕೆಂಪಕ್ಷರದಲ್ಲಿ ಬಂದು ಅದು ಮುಂದಕ್ಕೇ ಹೋಗಲಿಲ್ಲ. ಹುಲಿಗೆಮ್ಮ ಅರ್ಧ ತಾಸು ಅದರ ಜೊತೆ ಗುದ್ದಾಡಿ, ಸುಸ್ತಾಗಿ, ಹಿಂದಿನ ಅಂಕಿಗೆ ಒಂದಿಷ್ಟು ಸೇರಿಸಿ ಕಳಿಸಿದಳು. ಎರಡು ತಿಂಗಳೂ ಹಾಗೇ ಮಾಡಿದಳು. ಮೊದಲಿನದು ತಪ್ಪು, ಇದು ಸುಳ್ಳು. ಆ ವ್ಯತ್ಯಾಸ ಅವಳಿಗೆ ಚೆನ್ನಾಗಿ ಗೊತ್ತಿತ್ತು.

ನವೆಂಬರಿನಲ್ಲಿ ಜಗಳೂರಿನಲ್ಲಿ ಮೀಟಿಂಗು. ಗೋಡೆಯ ಮೇಲೆ ಬೆಳಕಿನ ಪರದೆ ಹಾಕಿ, ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಎಂದು ತಾಲ್ಲೂಕಿಗೊಂದರಂತೆ ಮಕ್ಕಳ ಎತ್ತರದ ಕಂಬಚಿತ್ರ ನಿಲ್ಲಿಸಿದ್ದರು. ಒಂದು ನಾಡು ಮುಂದೆ ಬಂದಿದೆಯೋ ಇಲ್ಲವೋ ಎಂದು ನೋಡುವುದು ಜನ ಎಷ್ಟು ವರ್ಷ ಬದುಕುತ್ತಾರೆ, ಎಷ್ಟು ಓದುತ್ತಾರೆ, ಎಷ್ಟು ದುಡಿಯುತ್ತಾರೆ ಎಂಬುದರಿಂದ, ಇದಕ್ಕೆಲ್ಲ ಬುನಾದಿ ಐದು ವರ್ಷದೊಳಗಿನ ಮಗುವಿನ ಬೆಳವಣಿಗೆ, ಆ ಬೆಳವಣಿಗೆ ನಿಮ್ಮ ಕೋಲಿನಲ್ಲಿದೆ ಎಂದು ಮೇಲಿನವರೊಬ್ಬರು ವಿವರಿಸಿದರು. ಬೇರೆ ದಿನವಾಗಿದ್ದರೆ ಹುಲಿಗೆಮ್ಮನಿಗೆ ಹೆಮ್ಮೆಯಾಗುತ್ತಿತ್ತು. ಅವತ್ತು ಆ ಕಂಬದೊಳಗೆ ಕೊಟ್ರೇಶನ ಜುಟ್ಟು ಎಷ್ಟಿದೆಯೋ ಎಂದು ಲೆಕ್ಕ ಹಾಕುತ್ತಾ ಕೂತಿದ್ದಳು. ಮೀಟಿಂಗು ಮುಗಿದ ಮೇಲೆ ಮೇಲ್ವಿಚಾರಕಿ ಶಿವಲೀಲಾಳ ಹತ್ತಿರ ಹೋಗಿ, ಒಂದು ಮಗುವಿನ ಎತ್ತರ ಕಡಿಮೆ ಮಾಡಬೇಕು, ಫೋನು ತೆಗೆದುಕೊಳ್ಳುತ್ತಿಲ್ಲ ಎಂದಳು.

"ಮಕ್ಕಳು ಬೆಳೀತಾವೆ, ಕುಗ್ತಾವೇನ್ರಿ ಹುಲಿಗೆಮ್ಮ?" ಎಂದು ಶಿವಲೀಲಾ ನಕ್ಕಳು. ಕೆಟ್ಟವಳಲ್ಲ, ಅರವತ್ತು ಅಂಗನವಾಡಿ ಅವಳ ತಲೆಯ ಮೇಲಿದ್ದವು. ಫೋನಿನಲ್ಲಿ ನಿಮ್ಮ ಕೇಂದ್ರದ ಮಕ್ಕಳೆಲ್ಲ ಸರಿಯಾಗಿ ಬೆಳೆಯುವವರ ಹಸಿರು ಬಣ್ಣದಲ್ಲೇ ಇದ್ದಾರೆ, ಮಾದರಿ ಕೇಂದ್ರವೆಂದು ಹೆಸರು ಕಳಿಸಿದ್ದೇನೆ ಎಂದೂ ಹೇಳಿದಳು. ಹುಲಿಗೆಮ್ಮ ನಮಸ್ಕಾರ ಹೇಳಿ ಬಸ್ಸು ಹಿಡಿದಳು.

ಊರಿಗೆ ಬಂದವಳೇ ಅಂಬಿಕಾಳಿಗೆ, ಹುಡುಗ ಯಾಕೋ ಮಂಕಾಗಿದ್ದಾನೆ, ಜಗಳೂರಿನಲ್ಲಿ ಮಕ್ಕಳ ಡಾಕ್ಟರಿಗೆ ತೋರಿಸು ಎಂದಳು. ಯಾಕೆಂದು ಪೂರ್ತಿ ಹೇಳಲಿಲ್ಲ. ಅಂಬಿಕಾ ಕರೆದುಕೊಂಡು ಹೋಗಿ, ಹುಲಿಗೆಮ್ಮ ತಿಂಗಳು ತಿಂಗಳೂ ಬರೆದುಕೊಟ್ಟ ಬೆಳವಣಿಗೆಯ ಕಾರ್ಡು ಮುಂದಿಟ್ಟಳು. ಡಾಕ್ಟರು ಕಾರ್ಡು ನೋಡಿದರು. ತೂಕ ಸರಿಯಿದೆ, ಎತ್ತರದ ಗೆರೆ ತಿಂಗಳು ತಿಂಗಳೂ ಏರಿದೆ, ಎಷ್ಟು ಚಂದ ಬರೆದಿದ್ದಾರೆ ನಿಮ್ಮ ಟೀಚರು ಎಂದು ಮೆಚ್ಚಿಕೊಂಡು, ಒಂದು ಟಾನಿಕ್ ಬರೆದು ಕಳಿಸಿದರು. ಅಂಬಿಕಾ ಆ ಮೆಚ್ಚುಗೆಯನ್ನು ಖುಷಿಯಿಂದ ತಂದು ಒಪ್ಪಿಸಿದಳು. ಮಗುವಿಗೂ ಡಾಕ್ಟರಿಗೂ ನಡುವೆ ಅಡ್ಡ ನಿಂತದ್ದು ಅವಳ ಕೈಬರಹವೇ ಆಗಿತ್ತು.

ಅಲ್ಲಿಂದ ಹತ್ತು ದಿನ ಅವಳು ಹುಡುಗನನ್ನು ಕಣ್ಣಲ್ಲೇ ತೂಗಿದಳು. ಮುಖ ಊದಿದಂತಿದೆಯೇ? ಬಿಸಿಲಲ್ಲೂ ಸ್ವೆಟರು ಬೇಕೆನ್ನುತ್ತಾನಲ್ಲ? ಕರೆದರೆ ತಿರುಗುವುದು ಇಷ್ಟು ತಡವೇ? ಚರ್ಮ ಒಣಗಿದೆ, ಕೂದಲು ತೆಂಗಿನ ನಾರಿನ ಹಾಗಿದೆ. ಇದನ್ನೆಲ್ಲ ದಿನಾ ನೋಡಿಯೂ ತಾನು ಸಾಧು ಎಂದು ಹೊಗಳಿದ್ದನ್ನು ನೆನೆದು ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಕೊನೆಗೆ ಸುಂಕಲಮ್ಮನ ಕಟ್ಟೆಗೆ ಹೋಗಿ ಕೂತು, ಹುಡುಗ ಬೆಳೆಯುತ್ತಿಲ್ಲ, ಮುಡಿ ಬಿಚ್ಚಿ ಒಂದು ಸಲ ಅಳೆಯಬೇಕು ಎಂದಳು.

ಸುಂಕಲಮ್ಮ ಒಪ್ಪಲಿಲ್ಲ, ಸಿಟ್ಟಿಗೂ ಏಳಲಿಲ್ಲ. ಅವಳಿಗೂ ಹುಡುಗನ ಮೇಲೆ ಒಳಗೊಳಗೇ ಅನುಮಾನವಿತ್ತು. "ಮುಡಿ ಕೊಡಾದು ತಡ ಆಗೈತೆ ಟೀಚರಮ್ಮ. ಅದಕ್ಕೇ ಸ್ವಾಮಿ ಹಿಂಗೆ ನಿಲ್ಲಿಸ್ಯಾನೆ. ಬಿಚ್ಚಬ್ಯಾಡ್ರಿ. ಧರ್ಮಪ್ಪ ಬರ್ಲಿ, ಅವನ ತೊಡಿ ಮ್ಯಾಲೆ ತೆಗೆಸಾಣ" ಎಂದಳು. ಧರ್ಮಪ್ಪ ಬರುವುದು ಸಂಕ್ರಾಂತಿಯಾದ ಮೇಲೆ. ಫೋನು ಮಾಡಿದರೆ ಹಂಗಾಮು ಬಿಟ್ಟು ಬರಾಕಾಗಲ್ಲ ಎನ್ನುತ್ತಾನಂತೆ. ಹುಲಿಗೆಮ್ಮನಿಗೆ ಅಲ್ಲಿಯವರೆಗೆ ಕಾಯುವ ಧೈರ್ಯವಿರಲಿಲ್ಲ. ಇಬ್ಬರಿಗೂ ಬೇಕಾದದ್ದು ಒಂದೇ, ಆ ಜುಟ್ಟು ಇಳಿಯಬೇಕು. ಕಾರಣ ಬೇರೆಯಾದರೇನು, ನಾನೇ ಹೋಗಿ ಕರೆದುಕೊಂಡು ಬರುತ್ತೇನೆ ಎಂದು ಅವಳು ಎದ್ದಳು.

ಬೆಳಗಿನ ಮೊದಲ ಬಸ್ಸು ಹತ್ತಿ, ದಾವಣಗೆರೆಯಲ್ಲಿ ಬದಲಾಯಿಸಿ, ಕತ್ತಲಗೆರೆ ಮುಟ್ಟುವ ಹೊತ್ತಿಗೆ ಬಿಸಿಲೇರಿತ್ತು. ಸುಲಿದ ಅಡಿಕೆ ಬೇಯಿಸುವ ಒಲೆಗಳ ಹೊಗೆ ಹಿಡಿದು ಹೋಗಿ ಧರ್ಮಪ್ಪನನ್ನು ಹುಡುಕಿದಳು. ಅಡಿಕೆಯ ಚೊಗರಿನಿಂದ ಮೊಣಕೈವರೆಗೂ ಕಪ್ಪುಗೆಂಪಾದ ಕೈಯಲ್ಲಿ ಹಂಡೆಯೊಳಗಿನ ಅಡಿಕೆ ತಿರುವುತ್ತಿದ್ದ. ಅಕ್ಕನ ಮನೆಯಲ್ಲಿ ಏನಾಯಿತೋ ಎಂದು ಅವಳನ್ನು ನೋಡಿದ ಕೂಡಲೇ ಗಾಬರಿಯಾದ. ವಿಷಯ ಕೇಳಿದ ಮೇಲೆ ಉಸಿರು ಬಿಟ್ಟು, ಒಂದು ತಿಂಗಳು ತಡೆದರೆ ಏನಾಗುತ್ತದೆ ಎಂದ.

"ಹುಡುಗ ಚಲೋ ಬೆಳೀತಾ ಐತೆ ಅಂತ ನೀವೇ ಕಾರ್ಡಿನಾಗೆ ಬರ್ದೀರಂತಲ್ಲ ಟೀಚರಮ್ಮ."

"ಬೆಳ್ದಿಲ್ಲಪ್ಪ. ನಾನು ಅವನ ಮುಡಿ ಅಳ್ದು ಬರ್ದೀನಿ. ಡಾಕ್ಟ್ರು ಅದನ್ನೇ ನೋಡಿ ವಾಪಸ್ ಕಳಿಸ್ಯಾರೆ."

ಅಷ್ಟು ದಿನ ಒಳಗೇ ಇಟ್ಟುಕೊಂಡಿದ್ದ ಮಾತು, ಗುರುತೇ ಇಲ್ಲದ ಊರಲ್ಲಿ, ಹೊಗೆಯ ನಡುವೆ ಹೊರಗೆ ಬಿತ್ತು. ಹೊಗೆ ಇದ್ದದ್ದು ಒಳ್ಳೆಯದೇ ಆಯಿತು, ಕಣ್ಣು ಒರೆಸಿಕೊಳ್ಳಲು ನೆವ ಸಿಕ್ಕಿತು. ಧರ್ಮಪ್ಪ ಬೈಯುತ್ತಾನೆಂದು ಅವಳು ಕಾದಳು. ಅವನು ಸಟ್ಟುಗ ಪಕ್ಕದವನ ಕೈಗೆ ಕೊಟ್ಟು, ಯಜಮಾನರನ್ನು ಕೇಳಿಕೊಂಡು ಬರುತ್ತೇನೆ ಎಂದು ಹೋದ.

ಮುಂದಿನ ಸೋಮವಾರ ಅವರೆಲ್ಲ ಕೊಟ್ಟೂರಿಗೆ ಹೋಗಿ ಮುಡಿ ಕೊಟ್ಟು ಬಂದರು. ಸಂಜೆ ಬಸ್ಸಿಳಿದವರು ಮನೆಗೆ ಹೋಗುವ ಮುಂಚೆ ನೇರ ಅಂಗನವಾಡಿಗೇ ಬಂದರು, ಹುಲಿಗೆಮ್ಮ ಬಾಗಿಲು ತೆರೆದು ಕಾಯುತ್ತಿದ್ದಳು. ಕೊಟ್ರೇಶನ ಬೋಳು ತಲೆಗೆ ಗಂಧ ಬಳಿದಿದ್ದರು. ಮಾವನ ಹೆಗಲಿನಿಂದ ಇಳಿದವನನ್ನು ಕೋಲಿಗೆ ನಿಲ್ಲಿಸಿ ಹಲಗೆ ಇಳಿಸಿದಳು. ಈ ಸಲ ಅದು ನೆತ್ತಿಗೆ ತಾಗಿದ ಸದ್ದು ಕೇಳಿಸಿತು. ತೊಂಬತ್ತೆರಡೂವರೆ. ಕಾರ್ಡಿನಲ್ಲಿ ಇದ್ದದ್ದು ತೊಂಬತ್ತೇಳೂವರೆ. ಕಾರ್ಡಿನ ಹಿಂದಿನ ಸಾಲುಗಳಲ್ಲಿ ಹುಡುಕಿದರೆ, ಅವನು ತೊಂಬತ್ತೆರಡೂವರೆ ಇದ್ದದ್ದು ಹತ್ತು ತಿಂಗಳ ಹಿಂದೆ.

ಅವಳು ಎಲ್ಲರ ಎದುರು ಅಂಕಿಗಳನ್ನು ಓದಿ ಹೇಳಿದಳು. ಅಂಬಿಕಾ ಅರ್ಥವಾಗದೆ ಮಗನನ್ನೂ ಕೋಲನ್ನೂ ನೋಡಿದಳು. ಸುಂಕಲಮ್ಮನಿಗೆ ಅರ್ಥವಾಯಿತು.

"ಅಂದ್ರೆ ಇಷ್ಟ್ ದಿನ ಬೆಳ್ದಿದ್ದು ಮುಡಿನಾ?"

"ಹೂಂ ಸುಂಕಲಮ್ಮಾರೆ. ಮುಡಿನೇ. ಸ್ವಾಮಿದೇನು ತಪ್ಪಿಲ್ಲ, ನಂದು."

ಸುಂಕಲಮ್ಮ ಮೊಮ್ಮಗನ ಕೈ ಹಿಡಿದುಕೊಂಡು ಹೊರಟಳು. ಬೈದಿದ್ದರೆ ಚೆನ್ನಾಗಿತ್ತು ಎಂದು ಹುಲಿಗೆಮ್ಮ ಈಗಲೂ ಹೇಳುತ್ತಾಳೆ. ಮರುದಿನ ಅವಳೇ ಅಂಬಿಕಾಳ ಜೊತೆ ಜಗಳೂರಿಗೆ ಹೋದಳು. ಕಾರ್ಡಿನ ಹತ್ತು ತಿಂಗಳ ಅಂಕಿಗಳ ಮೇಲೆ ಕೆಂಪು ಶಾಯಿಯಲ್ಲಿ ಗೆರೆ ಎಳೆದು, ಪಕ್ಕದಲ್ಲಿ 'ಕೂದಲು ಸೇರಿದೆ' ಎಂದು ಬರೆದು ತಂದಿದ್ದಳು. ಡಾಕ್ಟರು ಓದಿ ತಲೆಯೆತ್ತಿದರು. ಆಮೇಲೆ ಹುಡುಗನ ಕುತ್ತಿಗೆ ಮುಟ್ಟಿ ನೋಡಿದರು, ನಾಲಿಗೆ ನೋಡಿದರು, ಮಲಬದ್ಧತೆ ಇದೆಯೇ, ಚಳಿ ಎನ್ನುತ್ತಾನೆಯೇ ಎಂದು ಕೇಳಿದರು, ರಕ್ತ ಪರೀಕ್ಷೆಗೆ ಬರೆದುಕೊಟ್ಟರು. ನಾಲ್ಕನೇ ದಿನ ಉತ್ತರ ಬಂತು. ಥೈರಾಯ್ಡ್. ಕುತ್ತಿಗೆಯ ಆ ಗ್ರಂಥಿ ತನ್ನ ಕೆಲಸ ನಿಲ್ಲಿಸುತ್ತಾ ಬಂದಿದೆ, ದಿನಾ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಸಣ್ಣ ಮಾತ್ರೆ, ಬಹುಶಃ ಜೀವಮಾನವಿಡೀ.

ಎತ್ತರ ಹಿಂದಿರುಗುತ್ತದೆಯೇ ಎಂದು ಅಂಬಿಕಾ ಕೇಳಿದಳು. ಬಹುಪಾಲು ಬರುತ್ತದೆ ಎಂದರು. ಬುದ್ಧಿಗೇನಾದರೂ ಪೆಟ್ಟೇ ಎಂದು ಕೇಳಿದವಳು ಹುಲಿಗೆಮ್ಮ. ಮೂರು ವರ್ಷದ ನಂತರ ಬಂದ ಕಾಯಿಲೆಯ ಹಾಗೆ ಕಾಣುತ್ತದೆ, ಹೆದರಬೇಡಿ, ಆದರೆ ನೋಡುತ್ತಾ ಹೋಗಬೇಕು, ಈಗಲೇ ಏನೂ ಹೇಳಲು ಬರುವುದಿಲ್ಲ ಎಂದರು. ಆ ಕೊನೆಯ ಮಾತನ್ನು ಅವಳು ಮನೆಗೆ ತಂದಳು, ಇನ್ನೂ ಇಟ್ಟುಕೊಂಡಿದ್ದಾಳೆ.

ಶಿವಲೀಲಾ ಮೇಲಿನವರನ್ನು ಕೇಳಿ ಫೋನಿನ ಅಂಕಿ ತಿದ್ದಿಸಿದಳು. ಕೊಟ್ರೇಶ ಹಸಿರಿನಿಂದ ಕೆಂಪಿಗೆ ಬಿದ್ದ, ಮಾದರಿ ಕೇಂದ್ರದ ಮಾತು ಮತ್ತೆ ಬರಲಿಲ್ಲ. ಮಗುವಿನ ಎತ್ತರ ಕಡಿಮೆಯಾದದ್ದಕ್ಕೆ ಲಿಖಿತ ವಿವರಣೆ ಕೊಡಿ ಎಂದು ಪತ್ರ ಬಂತು. ಹುಲಿಗೆಮ್ಮ ನಾಲ್ಕು ಹಾಳೆ ಹರಿದು ಹಾಕಿ, ಐದನೆಯದರಲ್ಲಿ ಬರೆದಳು: ಮಗುವಿನ ಎತ್ತರ ಕಡಿಮೆಯಾಗಿಲ್ಲ. ನಾನು ಮುಡಿಯನ್ನು ಸೇರಿಸಿ ಅಳೆದಿದ್ದೆ, ತಿಳಿದ ಮೇಲೂ ಎರಡು ತಿಂಗಳು ಸುಳ್ಳು ಬರೆದೆ. ಕೆಲಸ ಹೋಗಬಹುದು ಎಂದು ಬೈಲಪ್ಪನಿಗೆ ಹೇಳಿಯೇ ಅಂಚೆಗೆ ಹಾಕಿದಳು. ಎಚ್ಚರಿಕೆಯ ಪತ್ರವೊಂದು ಬಂತು, ಕೆಲಸ ಹೋಗಲಿಲ್ಲ.

ಅಲ್ಲಿಂದ ದಿನಾ ಬೆಳಗ್ಗೆ ಅಂಬಿಕಾಳ ಬಾಗಿಲಿಗೆ ಹೋಗಿ ಮಾತ್ರೆ ಆಯಿತೇ ಎಂದು ಕೇಳಿಕೊಂಡೇ ಅಂಗನವಾಡಿ ತೆರೆಯುತ್ತಿದ್ದಳು. ಸುಂಕಲಮ್ಮ ಹೂಂ ಎನ್ನುತ್ತಿದ್ದಳು, ಅದಕ್ಕಿಂತ ಹೆಚ್ಚು ಮಾತಿಲ್ಲ. ಜನವರಿ, ಫೆಬ್ರವರಿ ಕಳೆದವು. ಚೌಕಟ್ಟಿನ ಗೆರೆಯ ಹತ್ತಿರ ಹೋಗಲು ಹುಲಿಗೆಮ್ಮನಿಗೆ ಧೈರ್ಯವಿರಲಿಲ್ಲ. ಕೋಲಿನ ಅಳತೆ ಒಂದಿಷ್ಟು ಮೇಲೆ ತೋರಿಸುತ್ತಿತ್ತು, ಆದರೆ ತನ್ನ ಕೋಲನ್ನು ತಾನೇ ನಂಬುವ ಕಾಲ ಮುಗಿದಿತ್ತು.

ಮಾರ್ಚಿನಲ್ಲಿ ಮೊಟ್ಟೆ ಕೊಡುವ ದಿನ ಒಳಗಿನಿಂದ ಅಳು ಕೇಳಿತು. ಸಂಧ್ಯಾರಾಣಿ ಕಣ್ಣೀರು ಸುರಿಸುತ್ತಾ ಓಡಿ ಬಂದಳು. "ಟೀಚರ್, ಕೊಟ್ರ ನನ್ ಮೊಟ್ಟೆ ಕಿತ್ಗಂಡ. ಕೇಳಿದ್ರೆ ಕೈ ಕಚ್ಚಿದ." ಹುಲಿಗೆಮ್ಮ ಒಳಗೆ ಹೋಗಿ ನೋಡಿದರೆ, ಸಾಧು ಹುಡುಗ ಬಾಗಿಲ ಹಿಂದೆ ನಿಂತು, ಎರಡೂ ಕೆನ್ನೆ ಉಬ್ಬಿಸಿಕೊಂಡು, ಹಳದಿಯನ್ನು ಗಲ್ಲಕ್ಕೆಲ್ಲ ಮೆತ್ತಿಕೊಂಡು ಮೊಟ್ಟೆ ನುಂಗುತ್ತಿದ್ದ. ಸಿಕ್ಕಿಬಿದ್ದೆನೆಂದು ತಿಳಿದು ಕಿಸಕ್ಕನೆ ನಕ್ಕ. ಬೇರೆ ಮಗುವಾಗಿದ್ದರೆ ಕಿವಿ ಹಿಂಡುತ್ತಿದ್ದಳು. ಅವತ್ತು ಸಂಧ್ಯಾರಾಣಿಗೆ ಬೇರೆ ಮೊಟ್ಟೆ ಕೊಟ್ಟು, ಸೆರಗಿನಲ್ಲಿ ಕಣ್ಣೊರೆಸಿಕೊಂಡಳು, ಬೈಲಪ್ಪನ ಕುರಿಮರಿಯ ಮಾತು ನೆನಪಾಗಿ ಇನ್ನೊಂದು ಸಲ ಒರೆಸಿಕೊಂಡಳು.

ಹೇಗೂ ಚೌಕಟ್ಟಿನ ಪಕ್ಕದಲ್ಲೇ ನಿಂತಿದ್ದ. ಹಿಮ್ಮಡಿ ಹಚ್ಚಿಸಿ ನಿಲ್ಲಿಸಿ, ಕಿವಿಯ ಮಟ್ಟಕ್ಕೆ ಹೊಸ ಗೆರೆ ಎಳೆದಳು. ಹಳೆಯ ಗೆರೆಗೂ ಹೊಸ ಗೆರೆಗೂ ನಡುವೆ ಅವಳ ಒಂದು ಬೆರಳು ಸಲೀಸಾಗಿ ಹಿಡಿಸಿತು. ಹುಲಿಗೆಮ್ಮ ಬೆರಳು ತೆಗೆದಳು, ಮತ್ತೆ ಇಟ್ಟಳು. ಆಮೇಲೂ ನಂಬಿಕೆ ಬಾರದೆ, ಕೊಸರಾಡುತ್ತಿದ್ದ ಹುಡುಗನನ್ನು ಹಿಡಿದು ನಿಲ್ಲಿಸಿ, ಅವನ ನೆತ್ತಿಯನ್ನು ಬರಿಗೈಯಲ್ಲಿ ಒತ್ತಿ ನೋಡಿದಳು.